ಮಾತನಾಡುವುದು ಯಂತ್ರವೆಂದು ಮೊದಲೇ ತಿಳಿಸಲಿ

ಮಾನ್ಯರೇ,

ಕಳೆದ ವಾರ ವಿಮೆ ಕಂಪನಿಯೊಂದರಿಂದ ನಮ್ಮ ತಂದೆಯವರಿಗೆ ಬಂದ ಕರೆಯಲ್ಲಿ ಹೆಣ್ಣುದನಿಯೊಂದು ಅಚ್ಚುಕಟ್ಟಾದ ಕನ್ನಡದಲ್ಲಿ ಕಂತಿನ ಬಾಕಿ ನೆನಪಿಸಿತು. ‘ಊಟ ಆಯ್ತೇನವ್ವಾ, ಯಾವೂರು ನಿಂದು?’ ಎಂದು ಅವರು ವಿಚಾರಿಸಿದರೆ, ಅದು ಮತ್ತೆ ಕೊನೆಯ ದಿನಾಂಕವನ್ನೇ ಒಪ್ಪಿಸಿತು. ಅದು ಕೃತಕ ಬುದ್ಧಿಮತ್ತೆಯ ದನಿಯೆಂದು ನಾನು ಹೇಳಿದಾಗ ಅವರು ಪೆಚ್ಚಾದರು.

ಅಮೆರಿಕದ ಯೂಟಾ ರಾಜ್ಯದಲ್ಲಿ 2024ರ ಮೇ 1ರಿಂದ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಎದುರಿಗಿರುವುದು ಮನುಷ್ಯರೋ ಯಂತ್ರವೋ ಎಂದು ಗ್ರಾಹಕರು ಕೇಳಿದರೆ ಸಂಸ್ಥೆಯು ನಿಜ ತಿಳಿಸಲೇಬೇಕು. ಆದರೆ ಕೇಳಬೇಕೆಂಬ ಅನುಮಾನವೇ ಬಾರದ ನಮ್ಮ ತಂದೆಯಂಥವರಿಗೆ ಅಷ್ಟು ಸಾಲದು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾಹಿತಿ ಪಡೆಯುವ ಹಕ್ಕನ್ನು ಮಾನ್ಯ ಮಾಡಿರುವುದರಿಂದ, ಕರೆಯ ಮೊದಲ ವಾಕ್ಯದಲ್ಲೇ, ಅದೂ ಕನ್ನಡದಲ್ಲೇ, ಈ ವಿಷಯ ಹೇಳಬೇಕೆಂಬ ನಿಯಮವನ್ನು ಸರ್ಕಾರ ರೂಪಿಸಬೇಕು.

– ಓದುಗ, ವಿದ್ಯಾನಗರ, ದಾವಣಗೆರೆ