ಶೇರು ಹಿಡಿದು ಕೂತಿರುವ ಗೆಳೆಯನಿಗೆ

ಪ್ರೀತಿಯ ರಘು,

ಮೊನ್ನೆ ಫೋನಿನಲ್ಲಿ ನೀನು ಅಂದದ್ದು ಮನಸ್ಸಿನಿಂದ ಹೋಗುತ್ತಿಲ್ಲ ಮಾರಾಯ. ಕಂಪನಿ ಕೊಟ್ಟ ಶೇರಿನಲ್ಲಿ ಒಂದನ್ನೂ ಮಾರಿಲ್ಲ, "ಇನ್ನೆರಡು ವರ್ಷ ತಡೀರಿ ಅಂತ ಸಿಇಒ ಹೇಳಿದಾರೆ" ಅಂದೆಯಲ್ಲ. ಇಪ್ಪತ್ತು ವರ್ಷ ಕಂಪ್ಯೂಟರ್ ಚಿಪ್‌ಗಳ ನಡುವೆಯೇ ಕಳೆದ ನೀನು ಹೀಗಂದದ್ದಕ್ಕೆ ಈ ಕಾಗದ.

ಚಿಪ್ ತಯಾರಿಸುವ ಅಮೆರಿಕದ ಇಂಟೆಲ್ ಕಂಪನಿಯ ಕತೆ ನಿನಗೆ ಗೊತ್ತು. ಎಂಜಿನಿಯರ್ ಕಣ್ಣು ಬಿಟ್ಟು ಶೇರುದಾರನ ಕಣ್ಣಿಂದ ಇನ್ನೊಮ್ಮೆ ನೋಡು. 2021ರಲ್ಲಿ ಪ್ಯಾಟ್ ಗೆಲ್ಸಿಂಗರ್ ಅಲ್ಲಿಗೆ ಸಿಇಒ ಆಗಿ ಮರಳಿ ಬಂದು, ನಾಲ್ಕು ವರ್ಷದಲ್ಲಿ ಐದು ನೋಡ್ (ಚಿಪ್ ತಯಾರಿಕೆಯ ತಂತ್ರಜ್ಞಾನದ ತಲೆಮಾರು) ದಾಟುತ್ತೇವೆ ಅಂದರು. 2022ರ ಜನವರಿಯಲ್ಲಿ ಅಮೆರಿಕದ ಒಹಾಯೊದಲ್ಲಿ 20 ಬಿಲಿಯನ್ ಡಾಲರಿನ ಫ್ಯಾಬ್ (ಚಿಪ್ ಕಾರ್ಖಾನೆ) ಘೋಷಿಸಿದರು, 2025ಕ್ಕೆ ಉತ್ಪಾದನೆ ಎಂದು. ಆ ಗಡುವು ಈಗ 2030ಕ್ಕೋ 31ಕ್ಕೋ ಹೋಗಿದೆ. 2024ರ ಏಪ್ರಿಲ್‌ನಲ್ಲಿ ಲೆಕ್ಕವನ್ನು ಹೊಸದಾಗಿ ವಿಂಗಡಿಸಿ ತೋರಿಸಿದಾಗ, ಚಿಪ್ ತಯಾರಿಸಿಕೊಡುವ ಫೌಂಡ್ರಿ ವಿಭಾಗ ಒಂದರಲ್ಲೇ ಹಿಂದಿನ ವರ್ಷ 7 ಬಿಲಿಯನ್ ಡಾಲರ್ ನಷ್ಟ. ಆಗಸ್ಟ್ 1ರಂದು 15,000ಕ್ಕೂ ಹೆಚ್ಚು ಜನರ ಕೆಲಸಕ್ಕೆ ಕತ್ತರಿ ಹಾಕುವ ಘೋಷಣೆ ಬಂತು, 1992ರಿಂದ ತಪ್ಪದೆ ಬರುತ್ತಿದ್ದ ಡಿವಿಡೆಂಡೂ ನಿಲ್ಲುತ್ತದೆ ಅಂದರು. ಮರುದಿನ ಶೇರು ಶೇ 26ರಷ್ಟು ಬಿತ್ತು.

ಗೆಲ್ಸಿಂಗರ್ ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಬೆಲೆ ಬಿದ್ದ ಮೇಲೂ ಸ್ವಂತ ದುಡ್ಡಲ್ಲಿ ಶೇರು ಕೊಂಡವರು ಅವರು. ನನಗೆ ಹೆದರಿಕೆಯಾಗುವುದೂ ಅದಕ್ಕೇ. ಮನಸಾರೆ ನಂಬಿ ಆಡಿದ ಮಾತಿನಲ್ಲಿ ಸಂಶಯ ಪಡಲು ನಮಗೆ ಎಡೆಯೇ ಸಿಗುವುದಿಲ್ಲ.

ನಿಮ್ಮ ಉದ್ಯಮದ ಸ್ವಭಾವವೂ ಹಾಗಿದೆ. ಫ್ಯಾಬ್ ಕಟ್ಟಲು ವರ್ಷಗಳು ಬೇಕು, ಯೀಲ್ಡ್, ಅಂದರೆ ಮಾಡಿದ್ದರಲ್ಲಿ ಸರಿಯಾದ ಚಿಪ್‌ಗಳ ಪಾಲು, ಎಷ್ಟು ಬರುತ್ತದೆಂದು ಯಂತ್ರ ಓಡುವವರೆಗೂ ಗೊತ್ತಾಗದು. ಆದರೆ ಗಿರಾಕಿಗೆ ಇವತ್ತೇ ಧೈರ್ಯ ತುಂಬಬೇಕು, ಇಲ್ಲದಿದ್ದರೆ ಅವನು ತೈವಾನಿನ ಚಿಪ್ ಕಾರ್ಖಾನೆಗೆ ಹೋಗುತ್ತಾನೆ. ಸಬ್ಸಿಡಿ ಕೊಡುವ ಸರ್ಕಾರಕ್ಕೆ, ಬಿಟ್ಟುಹೋಗಲು ಒಂದು ಕಾಲು ಹೊರಗಿಟ್ಟಿರುವ ಎಂಜಿನಿಯರಿಗೆ, ಎಲ್ಲರಿಗೂ ಅದೇ ಮಾತು. ಮುಖ್ಯಸ್ಥನು ಅಳುಕಿದರೆ ಯೋಜನೆಯೇ ಕುಸಿಯುತ್ತದೆ. ಗಿರಾಕಿಯನ್ನು ಹಿಡಿದಿಡಲು ಆಡಿದ ಆ ಮಾತನ್ನೇ ನಿನ್ನಂಥವನು ಉಳಿತಾಯದ ಸಲಹೆ ಎಂದು ಕೇಳಿಸಿಕೊಳ್ಳುತ್ತಾನೆ.

ಕಾನೂನು ಕಾಪಾಡುತ್ತದೆ ಅಂದುಕೊಳ್ಳಬೇಡ. ಅಮೆರಿಕದಲ್ಲಿ 1995ರ ಕಾಯ್ದೆಯೊಂದು, ತಕ್ಕ ಎಚ್ಚರಿಕೆ ಜೊತೆಗಿದ್ದರೆ, ಮುಂದಿನ ದಿನಗಳ ಬಗ್ಗೆ ಆಡಿದ ಮಾತಿಗೆ ರಕ್ಷಣೆ ಕೊಡುತ್ತದೆ. ಫೌಂಡ್ರಿ ನಷ್ಟ ಮುಚ್ಚಿಟ್ಟರು ಎಂದು ಇಂಟೆಲ್ ಶೇರುದಾರರು ಹೂಡಿದ್ದ ದಾವೆ 2025ರ ಮಾರ್ಚ್‌ನಲ್ಲಿ ವಜಾ ಆಯಿತು.

ನ್ಯಾಯವಾಗಿ ಇದನ್ನೂ ಹೇಳಬೇಕು: ಗೆಲ್ಸಿಂಗರ್ ಪಣವಿಟ್ಟ 18ಎ ಎಂಬ ನೋಡ್ ಕೊನೆಗೂ ಉತ್ಪಾದನೆಗೆ ಬಂತು. ಅಷ್ಟರಲ್ಲಿ ಅವರು ಹುದ್ದೆಯಲ್ಲಿರಲಿಲ್ಲ. 2024ರ ಆಗಸ್ಟ್‌ನಲ್ಲಿ ದಿಕ್ಕೆಟ್ಟು ಶೇರು ಮಾರಿದವರಿಗೆ ಅದರಿಂದ ಏನು ಬಂತು ಹೇಳು?

ನಿನ್ನ ಸಂಬಳವೂ ಅಲ್ಲಿಂದಲೇ, ಮಗಳ ಓದಿನ ದುಡ್ಡೂ ಅಲ್ಲೇ. ಅರ್ಧವನ್ನಾದರೂ ಮಾರು. ಭಾನುವಾರ ನಾನೇ ಬರುತ್ತೇನೆ. ಭಾಷಣದ ವಿಡಿಯೋ ಬೇಡ, ನಿಮ್ಮ ಕಂಪನಿಯ ಮೂರು ವರ್ಷದ ವಾರ್ಷಿಕ ವರದಿಯಲ್ಲಿ ನಗದು ಹರಿವಿನ ಪುಟ ತೆಗೆದಿಟ್ಟಿರು. ಫ್ಯಾಬಿಗೆ ಹೋದದ್ದೆಷ್ಟು, ವ್ಯಾಪಾರದಿಂದ ಬಂದದ್ದೆಷ್ಟು, ಕೂತು ನೋಡೋಣ.

ನಿನ್ನ,
ಶ್ರೀನಿ