ಗೆಳೆಯನಿಗೊಂದು ಪತ್ರ: ‘ತಂದೆಯ ಉದ್ಯೋಗ’

ಪ್ರೀತಿಯ ಗೆಳೆಯ,

ನಾನು ಯಾವ ವರ್ಗದವನು ಎಂದು ಮೊನ್ನೆ ಫೋನಿನಲ್ಲಿ ನೀನು ಕೇಳಿದಾಗ ತಟ್ಟನೆ ‘ಮಧ್ಯಮ ವರ್ಗ’ ಎಂದುಬಿಟ್ಟೆ. ಫೋನಿಟ್ಟ ಮೇಲೆ ಆ ಉತ್ತರ ಗಂಟಲಲ್ಲೇ ಸಿಕ್ಕಿಕೊಂಡ ಹಾಗಾಯಿತು.

ಮಗಳ ಶಾಲೆಯ ಅರ್ಜಿ ತುಂಬುವಾಗಲೂ ಹೀಗೇ ಆಗಿತ್ತು. ‘ತಂದೆಯ ಉದ್ಯೋಗ’ ಎಂದಿದ್ದ ಕಡೆ ‘ಖಾಸಗಿ ನೌಕರಿ’ ಎಂದು ಬರೆದೆ. ಇಪ್ಪತ್ತು ವರ್ಷಗಳಿಂದ ಬೆಸುಗೆ ಹಾಕುತ್ತಿದ್ದೇನೆ. ಪೆನ್ನು ಹಿಡಿದ ಮುಂಗೈಯ ತುಂಬ ಕಿಡಿ ಸಿಡಿದ ಚುಕ್ಕೆಗಳಿವೆ. ಆದರೂ ‘ವೆಲ್ಡರ್’ ಎಂದು ಬರೆಯಲು ಕೈ ಏಳಲಿಲ್ಲ. ಕೆಲಸದ ಬಗ್ಗೆ ನನಗೆ ನಾಚಿಕೆಯಿಲ್ಲ. ಬೆಸುಗೆಯ ಮೇಲೆ ಗಟ್ಟಿಯಾಗಿ ಕೂತ ಕಿಟ್ಟ ಕುಟ್ಟಿ ತೆಗೆದಾಗ ಅದರಡಿ ಒಂದೇ ಸಮನೆ ಹೊಳೆಯುವ ಸಾಲು ಕಂಡರೆ ಇವತ್ತಿಗೂ ಮನಸ್ಸು ತುಂಬುತ್ತದೆ. ಆ ಅರ್ಜಿ ಓದುವವರ ಕಣ್ಣು ನೆನಪಾದಾಗ ಮಾತ್ರ ಕುಗ್ಗಿಹೋಗುತ್ತೇನೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇವಿಡ್ ಲಾಕ್‌ವುಡ್ 1966ರಲ್ಲಿ ಇದರ ಬಗ್ಗೆಯೇ ಬರೆದಿದ್ದರು. ಕಾರ್ಮಿಕನ ಕಣ್ಣಿಗೆ ಸಮಾಜ ಹೇಗೆ ಕಾಣುತ್ತದೆ ಎಂಬುದು ಅವನು ಎಲ್ಲಿ, ಯಾರ ನಡುವೆ ದುಡಿದು ಬದುಕುತ್ತಾನೆ ಎಂಬುದರ ಮೇಲಿದೆ ಎಂಬುದು ಅವರ ವಾದ. ಗಣಿ, ಬಂದರುಗಳಲ್ಲಿ ಒಟ್ಟಿಗೆ ದುಡಿದು ಒಟ್ಟಿಗೇ ಬಾಳುವವರಿಗೆ ಜಗತ್ತು ‘ನಾವು’, ‘ಅವರು’ ಎಂದು ಎರಡಾಗಿ ಕಾಣುತ್ತದೆ. ಸಣ್ಣ ಜಾಗದಲ್ಲಿ ಮಾಲೀಕನ ಕಣ್ಣೆದುರೇ ದುಡಿಯುವವನಿಗೆ ಅದೇ ಜಗತ್ತು ಜನ ಮೇಲೆ ಕೆಳಗೆ ನಿಂತಿರುವ ಮರ್ಯಾದೆಯ ಮೆಟ್ಟಿಲಾಗಿ ಕಾಣುತ್ತದೆ. ಸಂಬಳಕ್ಕಷ್ಟೇ ದೊಡ್ಡ ಕಾರ್ಖಾನೆಗೆ ಹೋಗಿಬರುವವನು ಎಲ್ಲರನ್ನೂ ಹಣದಿಂದ ಅಳೆಯುತ್ತಾನೆ.

ಈ ಮೂರೂ ನನಗೆ ಗೊತ್ತು. ಕೆಲಸ ಕಲಿತ ವರ್ಕ್‌ಶಾಪಿನಲ್ಲಿ ಧಣಿ ಬಂದರೆ ಯಾರೂ ಹೇಳದಿದ್ದರೂ ಎದ್ದು ನಿಲ್ಲುತ್ತಿದ್ದೆ. ಮುಂದೆ ಕಾರ್ಖಾನೆಯಲ್ಲಿ ಮುಷ್ಕರಕ್ಕೆ ಕುಳಿತಾಗ ‘ನಾವು’ ಎಂಬ ಮಾತಿನ ಬಿಸಿ ತಟ್ಟಿತು. ಈಗ ಮನೆ ಸಾಲದ ಕಂತು ಕಟ್ಟುತ್ತಾ ಮಧ್ಯಮ ವರ್ಗ ಎನ್ನುತ್ತಿದ್ದೇನೆ. ಒಂದು ಹೋಗಿ ಇನ್ನೊಂದು ಬಂದಿತೆಂದಲ್ಲ ಗೆಳೆಯ, ಮೂರೂ ಒಳಗೇ ಉಳಿದುಕೊಂಡಿವೆ. ಧಣಿಯ ವಯಸ್ಸಿನವರು ಯಾರಾದರೂ ಬಿಳಿ ಅಂಗಿ ತೊಟ್ಟು ಎದುರಾದರೆ ಈಗಲೂ ಕಾಲು ತಾನಾಗಿ ಏಳುತ್ತದೆ.

ಹೇಳಲು ಕಷ್ಟವಾದರೂ ಇನ್ನೊಂದು ಮಾತು ಹೇಳಲೇಬೇಕು. ಆ ಮೆಟ್ಟಿಲಿನಲ್ಲಿ ನನಗಿಂತ ಕೆಳಗೂ ಒಬ್ಬನನ್ನು ನಾನೇ ನಿಲ್ಲಿಸಿದ್ದೆ. ಗುತ್ತಿಗೆಯ ಮೇಲೆ ಬಂದ ಹೆಲ್ಪರ್‌ನನ್ನು ‘ಏ, ಬಾ ಇಲ್ಲಿ’ ಎಂದೇ ಕರೆಯುತ್ತಿದ್ದೆ. ಅವನ ಹೆಸರು ಕೇಳಿದ್ದು ಮೂರನೆಯ ತಿಂಗಳಲ್ಲಿ. ನನ್ನನ್ನು ಕೀಳಾಗಿ ಕಂಡವರ ಮೇಲಿನ ಸಿಟ್ಟು ಅಷ್ಟು ದಿನ ಎಲ್ಲಿ ಹೋಗಿತ್ತೋ!

ಅರ್ಜಿಯನ್ನು ಮಗಳು ಓದಿದಳು. ‘ಅಪ್ಪಾ, ನೀನು ವೆಲ್ಡರ್ ಅಲ್ಲವೇ?’ ಎಂದಳು. ಗೀಟು ಹಾಕಿ ತಿದ್ದಿದೆ. ನಿನ್ನ ಮಗನ ಅರ್ಜಿಯಲ್ಲಿ ಆ ಜಾಗದಲ್ಲಿ ನೀನು ಏನು ಬರೆದೆ? ತಪ್ಪದೆ ತಿಳಿಸು.

ನಿನ್ನ ಗೆಳೆಯ