ಕಾನೂನು ಓದುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲೇ ಇದೆ. "ಕತೆ ಕಾದಂಬರಿಯಿಂದ ಏನಾಗುತ್ತೆ ಅಮ್ಮಾ? ಬದಲಾಗಬೇಕಾದ್ದು ಕಾನೂನು" ಅಂದೆ ಅಲ್ವಾ?

ವಿಧವೆಯರು ಮತ್ತೆ ಮದುವೆಯಾಗಬಹುದು ಅನ್ನುವ ಕಾನೂನು ಬಂದದ್ದು 1856ರಲ್ಲಿ. ಅದು ನಿನಗೇ ಚೆನ್ನಾಗಿ ಗೊತ್ತು. ಆದರೆ ಅದೆಷ್ಟೋ ವರ್ಷಗಳ ನಂತರವೂ ನನ್ನ ಅಜ್ಜಿಯ ಚಿಕ್ಕಮ್ಮನಿಗೆ ಎಳೆ ವಯಸ್ಸಿನಲ್ಲೇ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಮದುವೆಮನೆಗಳಲ್ಲಿ ಅವರು ಹಿತ್ತಿಲ ಬದಿಯಲ್ಲಿ ಕೂತು ರಾಶಿ ರಾಶಿ ತರಕಾರಿ ಹೆಚ್ಚುತ್ತಿದ್ದರಂತೆ. ಚಪ್ಪರದ ಕಡೆ ಕಾಲಿಡುವ ಹಾಗಿರಲಿಲ್ಲ. ಕಾನೂನು ಇತ್ತು ಮಾರಾಯ್ತಿ, ಅದು ನಮ್ಮ ಮನೆಯ ಜಗಲಿ ಹತ್ತಲಿಲ್ಲ ಅಷ್ಟೇ.

1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕಾದಂಬರಿ ಬಂತು. ಅಚ್ಚಾದದ್ದು ಇಲ್ಲೇ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಗುಲ್ವಾಡಿಯವರು ಪೊಲೀಸ್ ಇಲಾಖೆಯಲ್ಲಿದ್ದವರು. ಕಾನೂನು ಕಾಯುವ ಕೆಲಸದವರಿಗೂ ಕಾದಂಬರಿ ಬರೆಯಬೇಕು ಅನಿಸಿತಲ್ಲ, ಅದನ್ನು ಸ್ವಲ್ಪ ಯೋಚಿಸು. ಕಾನೂನಿನ ಪುಸ್ತಕದಲ್ಲಿ ಬರೀ 'ವಿಧವೆ' ಅಂತ ಇರುತ್ತದೆ. ಇಲ್ಲಿ ಇಂದಿರೆ ಅನ್ನುವ ಹುಡುಗಿ ಇದ್ದಾಳೆ. ಮನೆ ಬಿಟ್ಟು ಹೊರಡುತ್ತಾಳೆ, ಓದುತ್ತಾಳೆ, ಮತ್ತೆ ಮದುವೆಯಾಗುತ್ತಾಳೆ. ಅದನ್ನು ಓದಿದ ಯಾರೋ ಒಬ್ಬ ಅಪ್ಪ ಪುಸ್ತಕ ಮಡಚಿಟ್ಟು, ಒಳಗೆ ಕೂತಿದ್ದ ಮಗಳ ಮುಖ ನೋಡಿರಲೇಬೇಕು ಅಂತ ನನ್ನ ನಂಬಿಕೆ.

ನಮ್ಮ ಕೋಟದ ಕಾರಂತರ ಚೋಮನನ್ನು ನೀನು ಶಾಲೆಯಲ್ಲೇ ಓದಿದ್ದೀಯ. 'ಚೋಮನ ದುಡಿ' ಬಂದದ್ದು 1933ರಲ್ಲಿ. ಒಂದು ತುಂಡು ಗದ್ದೆ ತಾನೇ ಉಳಬೇಕು ಅನ್ನುವುದಷ್ಟೇ ಅವನ ಆಸೆ. ಎತ್ತು ಇದೆ, ಗದ್ದೆ ಸಿಗುವುದಿಲ್ಲ, ಯಾಕೆಂದರೆ ಅವನ ಜಾತಿ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ಬದುಕಿಸುವವರಿಲ್ಲ. ಆ ಪುಟ ಓದುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಜಾರಿಯಾದದ್ದು 1974ರಲ್ಲಿ. ಅದೂ ಗೇಣಿದಾರರಿಗೆ, ಚೋಮನಂಥ ಆಳುಗಳಲ್ಲಿ ಹೆಚ್ಚಿನವರು ಹಾಗೇ ಉಳಿದರು. ಕಾದಂಬರಿಯಿಂದಲೇ ಕಾನೂನು ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಆ ಕಾನೂನು ಯಾರನ್ನು ಬಿಟ್ಟುಬಿಟ್ಟಿತು ಅಂತ ಇವತ್ತಿಗೂ ಕೇಳುತ್ತಿರುವವನು ಚೋಮನೇ.

ಸಾರಾ ಅಬೂಬಕ್ಕರ್ ತಲಾಖಿನ ನೋವನ್ನು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ಬರೆದದ್ದು ಎಂಬತ್ತರ ದಶಕದ ಮೊದಲಿಗೆ. ಬೈಗುಳ, ಬೆದರಿಕೆ ಎಲ್ಲ ಬಂದರೂ ಇದೇ ಮಂಗಳೂರಿನಲ್ಲಿ ಕೂತು ಅವರು ಬರೆಯುತ್ತಲೇ ಹೋದರು. ದಿಢೀರ್ ತಲಾಖನ್ನು ನಿಷೇಧಿಸುವ ಕಾಯ್ದೆ ಬಂದದ್ದು 2019ರಲ್ಲಿ.

ನಿಮ್ಮ ಕಾಲೇಜಿನ ಉಚಿತ ಕಾನೂನು ಸಲಹೆಗೆ ಬರುವ ಹೆಂಗಸರ ಬಗ್ಗೆ ನೀನು ರಾತ್ರಿ ಫೋನಿನಲ್ಲಿ ಎಷ್ಟೊಂದು ಹೇಳುತ್ತೀ. ಹೆಸರು, ಊರು ಬದಲಾಯಿಸಿ ಅದನ್ನು ಬರೆ. ಕನ್ನಡದಲ್ಲೇ ಬರೆ, ನಿನ್ನ ಲಾ ಪುಸ್ತಕದ ಭಾಷೆ ಬೇಡ. ಅವರಿಗೇ ಓದಿ ಹೇಳಿದರೆ ಅರ್ಥವಾಗಬೇಕು. ಪರೀಕ್ಷೆ ಮುಗಿದ ಮೇಲಾದರೂ ಸರಿ, ಮೊದಲ ಕತೆ ನನಗೆ ಕಳಿಸು.

ನಿನ್ನ
ಅಮ್ಮ